ಎಡಗಡೆ ದಕ್ಕೆ

ಓಸ್ಕೀನಾ ಕೆರೆ, ಅಲಬಾಮಾ
ಜೂನ್ 8

ಲೋ ಟೇಟ್,

ಕಾಗದ ಬರೆಯೋದು ನಂಗೆ ಬರಲ್ಲ, ಮೊದಲೇ ಹೇಳ್ಬಿಟ್ಟೆ. ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಪೆನ್ನು ಹಿಡಿದಿದ್ದು ಮೀನು ಹಿಡಿಯೋ ಲೈಸೆನ್ಸಿಗೆ ಸೈನ್ ಹಾಕೋಕೆ ಮಾತ್ರ. ಆದ್ರೆ ನಿಮ್ಮ ಟ್ರೇನಿಂಗ್ ಕ್ಯಾಂಪಲ್ಲಿ ಫೋನ್ ಕಿತ್ಕೊಂಡಿದಾರಂತೆ, ನಿಮ್ಮಮ್ಮ ಹೇಳಿದ್ರು. ಮರೀನ್ ಸೈನ್ಯ ಸೇರ್ತೀನಿ ಅಂತ ಕುಣಿದಿದ್ದು ನೀನು, ಬರೆಯೋ ಶಿಕ್ಷೆ ನಂಗೆ.

ಸುದ್ದಿ ಕೇಳು. ನಿನ್ನ ಕೆಲಸ ಈಗ ನಂದು. ಬೋಟಿನ ಕೀ ನನ್ನ ಜೇಬಲ್ಲಿದೆ. ನಿಮ್ಮಪ್ಪ ಕರೆದು ಕೂರಿಸ್ಕೊಂಡು, "ಕೋಯ್, ಈ ವರ್ಷ ಇದು ನಿಂದು ಎಷ್ಟನೇ ಕೆಲಸ?" ಅಂದ್ರು.

"ನಾಲ್ಕನೇದು ಸರ್."

"ಇದನ್ನ ಎಲ್ಲೀತನಕ ಮಾಡ್ತೀಯ?"

"ಗೊತ್ತಿಲ್ಲ ಸರ್."

"ಸುಳ್ಳು ಹೇಳ್ಲಿಲ್ಲ ಅಲ್ವಾ, ಬಾ, ಬೋಟು ಹತ್ತು" ಅಂದ್ರು. ಅಷ್ಟೇ ಇಂಟರ್‌ವ್ಯೂ.

ನಿಮ್ಮಪ್ಪನ ಕ್ಲಾಸಿಗೆ ಬರೋ ಹುಡುಗ್ರನ್ನ ಬೋಟಿನ ಹಿಂದೆ ನೀರ ಮೇಲೆ ಎಳೆಯೋದು ನಂಗೆ ಸಲೀಸು. ಹಗ್ಗ ಹಿಡ್ಕೊಂಡು ಹಲಗೆ ಮೇಲೆ ಎದ್ದು ನಿಲ್ಲೋತನಕ ಮೆಲ್ಲಗೆ, ನಿಂತ ಮೇಲೆ ಒಂದೇ ವೇಗ. ಭಾರಕ್ಕೆ ಅಂತ ಒಳಗಿರೋ ತೊಟ್ಟಿಗೆಲ್ಲ ನೀರು ತುಂಬ್ಕೊಂಡು ಬೋಟು ಬಸುರಿ ಹಸು ಥರ ಕೂತಾಗ ಹಿಂದೆ ಏಳತ್ತಲ್ಲ ಅಲೆ, ಅಬ್ಬಾ! ಅದನ್ನ ಹಾರೋರು ಹಾರ್ಲಿ, ಎಬ್ಬಿಸೋನು ನಾನು ಅನ್ಸತ್ತೆ.

ಡೂಲಿ ಹೋಟ್ಲು ಮುಂದೆ ನೀರಿಗೆ ಚಾಚಿರೋ ಮರದ ದಕ್ಕೆ ಇದ್ಯಲ್ಲ, ಅಲ್ಲಿ ಬೋಟು ಕಟ್ಟೋದೇ ಕಷ್ಟ ಕಣೋ. ನೀನ್ಯಾಕೆ ಒಂದು ಮಾತು ಹೇಳ್ಲಿಲ್ಲ? ನಾನು ಚಿಕ್ಕಂದಿನಿಂದ ಓಡ್ಸಿದ್ದು ನಮ್ಮ ಚಿಕ್ಕಪ್ಪನ ತಗಡಿನ ದೋಣಿ. ಹಿಂದೆ ನೇತಾಕಿರೋ ಮೋಟ್ರು, ತಿರುಗಿಸಿದ್ರೆ ಮೋಟ್ರೇ ತಿರುಗತ್ತೆ, ರಿವರ್ಸಲ್ಲೂ ಹೇಳಿದ ಮಾತು ಕೇಳತ್ತೆ. ನಿಮ್ಮದು ಹಾಗಲ್ಲ. ಇಂಜಿನ್ನು ಹೊಟ್ಟೆ ಒಳಗೆ, ಫ್ಯಾನು ಅಡೀಲಿ ಬಿಗಿದು ಕೂತಿದೆ. ಮುಂದೆ ಹೋಗುವಾಗ ಸಾಧು. ರಿವರ್ಸ್ ಹಾಕಿದ ತಕ್ಷಣ ಸ್ಟೇರಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಎಡಕ್ಕೆ ತಿರುಗಿಸ್ಲಿ ಬಲಕ್ಕೆ ತಿರುಗಿಸ್ಲಿ, ಬಾಲ ಹೋಗೋದು ಬಲಕ್ಕೇ.

"ಅದರ ಬುದ್ಧಿ ಅದು. ನೀನೇ ಹೊಂದ್ಕೋಬೇಕು" ಅಂತಾರೆ ನಿಮ್ಮಪ್ಪ. "ಬಲಗಡೆ ಕಟ್ಟು. ಮೂತಿ ತಂದು ಹಿಡಿ, ನ್ಯೂಟ್ರಲ್, ಚೂರೇ ಚೂರು ರಿವರ್ಸ್. ಬಾಲ ತಾನಾಗೇ ದಕ್ಕೆಗೆ ಬಂದು ಒರಗತ್ತೆ. ಸರಿ ಬರ್ತಿಲ್ಲ ಅನ್ಸಿದ್ರೆ ಹೊರಗೆ ಹೋಗಿ ಸುತ್ತಿ ಬಾ. ಕೆರೆ ದೊಡ್ಡದಿದೆ, ನಾಚ್ಕೋಬೇಡ."

ನಾಚ್ಕೋಬೇಡ ಅಂದ್ರೆ? ಭಾನುವಾರ ಚರ್ಚ್ ಬಿಟ್ಟ ಮೇಲೆ ಡೂಲಿ ಹೋಟ್ಲು ಹೇಗಿರತ್ತೆ ನಿಂಗೆ ಗೊತ್ತಲ್ಲ. ಊರೆಲ್ಲ ಅಲ್ಲೇ, ಕರಿದ ಮೀನು ತಿಂತಾ ಕೆರೆ ಕಡೆ ಮುಖ ಮಾಡ್ಕೊಂಡು. ನಾನು ಮೂರು ಸಲ ಸುತ್ತು ಹಾಕ್ದೆ. ಡೂಲಿ ಕೂಗ್ದ: "ಅವಸರ ಮಾಡ್ಬೇಡ ಕೋಯ್, ದಕ್ಕೆ ಎಲ್ಲೂ ಓಡಿ ಹೋಗಲ್ಲ!" ಕಟ್ಟಿದ ಮೇಲೆ ಪೇಪರ್ ತಟ್ಟೆ ಮೇಲೆ ಮಾರ್ಕ್ಸ್ ಬರೆದು ಎತ್ತಿ ತೋರಿಸಿದ್ರು. ಎಲ್ಲ ಕಡೆ ಎರಡು. "ಒಂದು ಬೋಟಿನ ಚೆಂದಕ್ಕೆ, ಒಂದು ಮಿಸ್ಟರ್ ರಾಯ್ಸ್ ಮುಖ ನೋಡಿ. ನಿಂಗೆ ಸೊನ್ನೆ" ಅಂದ ಡೂಲಿ. ತಮ್ಮ ಹೆಸರು ಕೇಳಿ ನಿಮ್ಮಪ್ಪನೂ ನಕ್ಕರು. ನಾನೂ ನಕ್ಕೆ, ಆದ್ರೆ ಕಿವಿ ಬಿಸಿಯಾಗಿತ್ತು.

ನೋಡ್ತಿರು, ನೀನು ಬರೋ ಹೊತ್ತಿಗೆ ಹತ್ತಕ್ಕೆ ಹತ್ತು.

ಕೋಯ್


ಜೂನ್ 16

ಕೋಯ್,

ಬರೆಯೋಕೆ ಕೊಟ್ಟಿರೋ ಹೊತ್ತು ಕಮ್ಮಿ, ಅಕ್ಷರ ಹೇಗಿದ್ರೂ ಓದ್ಕೋ. ಇಲ್ಲಿ "ನಾನು" ಅನ್ನೋ ಹಾಗಿಲ್ಲ. "ಈ ರಿಕ್ರೂಟಿಗೆ ಪಾಯಖಾನೆಗೆ ಹೋಗ್ಬೇಕು ಸರ್" ಅಂತ ಕಿರುಚ್ಬೇಕು. ಒಬ್ಬ "ನಂಗೆ ಹಸಿವು" ಅಂದುಬಿಟ್ಟ, ಪಾಪ. ಇನ್ನೂ ಮರಳಲ್ಲಿ ಉರುಳಾಡ್ತಿದಾನೆ. ಮರಳಲ್ಲಿ ಚಿಗಟ ಇದೆ, ಕಚ್ಚಿದ್ರೆ ಕೆರ್ಕೊಳ್ಳೋ ಹಾಗಿಲ್ಲ.

ಅಪ್ಪನ ಕಾಗದ ಬಂತು. ನಾನು ಹೊರಟ ದಿನ ಏನಾಯ್ತು ನೀನೇ ನೋಡಿದ್ಯಲ್ಲ, ಶೆಡ್ಡಿಂದ ಆಚೆಗೇ ಬರ್ಲಿಲ್ಲ. ಯಾರದೋ ಬೋಟಿನ ಹಿಂದೆ ಹೆಸರು ಬರೀತಾ ಕೂತಿದ್ರು. ನಾನು ಬಾಗಿಲಲ್ಲಿ ನಿಂತು "ಹೊರಟೆ" ಅಂದ್ರೆ ಬ್ರಶ್ ಎತ್ತಲೇ ಇಲ್ಲ. ಈಗ ನೋಡಿದ್ರೆ ಎರಡು ಪೇಜು! ಬೋಟಿನ ಮೇಲೆ ಬರೀತಾರಲ್ಲ, ಅದೇ ಥರ ಬಾಲ ಸುತ್ತಿರೋ ಅಕ್ಷರ, ಕವರ್ ಮೇಲೂ. ಇನ್‌ಸ್ಟ್ರಕ್ಟರ್ ಎತ್ತಿ ಹಿಡಿದು, "ಏನಿದು ಟಿಡ್‌ಮೋರ್, ನಿನ್ನ ಮದುವೆ ಕರೆಯೋಲೆನಾ?" ಅಂದ. ಅದಕ್ಕೂ ದಂಡ ಹೊಡೆಸಿದ. ಖುಷಿಯಾಗೇ ಹೊಡೆದೆ ಕಣೋ.

"ನೀನು ಹೋಗಿದ್ದು ನಂಗೆ ಇಷ್ಟ ಇಲ್ಲ, ಇವತ್ತಿಗೂ ಇಲ್ಲ. ಆದ್ರೆ ವಾರಕ್ಕೊಂದು ಬರೀತೀನಿ" ಅಂತ ಬರೆದಿದಾರೆ. ಅಪ್ಪನ ಬಾಯಲ್ಲಿ ಇದು ಕ್ಷಮೆ ಕೇಳಿದ ಹಾಗೆ. ಆ ಕಾಗದ ದಿಂಬಿನ ಕೆಳಗಿದೆ. ಯಾರಿಗೂ ಹೇಳ್ಬೇಡ.

ಬೋಟಿನ ವಿಷ್ಯ. ಎಡಗಡೆ ದಕ್ಕೆಗೆ ಮಾತ್ರ ಹೋಗ್ಬೇಡ. ಅಲ್ಲಿ ರಿವರ್ಸ್ ಹಾಕಿದ್ರೆ ಬಾಲ ದೂರ ಹೋಗತ್ತೆ, ಮೂತಿ ಹೋಗಿ ಕಂಬಕ್ಕೆ ಬಡಿಯತ್ತೆ. ಅಲ್ಲಿ ಕಟ್ಟೋದು ಕಲಿಯೋಕೆ ನಂಗೆ ಎರಡು ಬೇಸಿಗೆ ಬೇಕಾಯ್ತು. ತೊಟ್ಟಿ ನೀರು ಪೂರ್ತಿ ಖಾಲಿ ಮಾಡ್ದೆ ದಕ್ಕೆ ಹತ್ರ ಬರ್ಲೇಬೇಡ, ಅಷ್ಟು ಭಾರ ನಿಲ್ಲಿಸೋಕೆ ಯಾರ ಅಪ್ಪನ ಕೈಲೂ ಆಗಲ್ಲ.

ಡೂಲಿಗೆ ಹೇಳು, ನಾನು ಬಂದು ಅವನ ತಟ್ಟೆ ಎಲ್ಲ ಅವನಿಗೇ ತಿನ್ನಿಸ್ತೀನಿ.

ಟೇಟ್


ಜುಲೈ 2

ಟೇಟ್,

ತಡ ಆಯ್ತು. ಕೆಲಸ ಇತ್ತು.

ಇಲ್ಲಿ ಬಿಸಿಲು ಜಾಸ್ತಿ. ಕೆರೆ ನೀರು ಸ್ವಲ್ಪ ಇಳಿದಿದೆ. ಸೇತುವೆ ಹತ್ರ ಚಿಕ್ಕಪ್ಪ ದೊಡ್ಡ ಮೀನು ಹಿಡಿದ್ರು. ನಿಮ್ಮಮ್ಮ ಟೊಮೇಟೊ ತುಂಬ ಬಂದಿದೆ ಅಂತ ಎಲ್ಲರಿಗೂ ಹಂಚ್ತಿದಾರೆ, ನಾನು ದಿನಾ ಅದನ್ನೇ ಬ್ರೆಡ್ಡಲ್ಲಿ ಇಟ್ಕೊಂಡು ತಿಂತಿದೀನಿ.

ಬೋಟು ಸ್ವಲ್ಪ ರಿಪೇರಿಲಿದೆ. ದೊಡ್ಡದೇನಲ್ಲ, ಮೂತಿ ಹತ್ರ ಬಣ್ಣ ಹೋಗಿತ್ತು. ಅದಕ್ಕೆ ಕ್ಲಾಸು ನಿಂತಿದೆ.

ನಿನ್ನ ಕಾಗದ ಬಂದಿತ್ತು. ಎರಡು ಸಲ ಓದ್ದೆ. ಅದು ಇನ್ನೊಂದು ವಾರ ಮುಂಚೆ ಬಂದಿದ್ರೆ ಚೆನ್ನಾಗಿತ್ತು.

ಹುಷಾರಾಗಿರು. ಬಂದೂಕು ನೆಟ್ಟಗೆ ಹಿಡಿ.

ಕೋಯ್


ಜುಲೈ 9

ಕೋಯ್,

ಏನೋ ಇದು ಕಾಗದ? ನಮ್ಮಜ್ಜಿ ಇದಕ್ಕಿಂತ ಚೆನ್ನಾಗಿ ಬರೀತಾಳೆ. ಡೂಲಿ ಇಲ್ಲ, ತಟ್ಟೆ ಇಲ್ಲ, ಒಂದು ಬೈಗುಳ ಇಲ್ಲ. ಹುಡುಗಿ ಯಾರಾದ್ರೂ ಕೈ ಕೊಟ್ಲಾ? ಇಲ್ಲಾ ಆಗ್ಲೇ ಐದನೇ ಕೆಲಸ ಹುಡುಕ್ತಿದೀಯಾ?

ಒಂದು ವಿಷ್ಯ ಕೇಳ್ಬೇಕು. ತಮಾಷೆ ಮಾಡ್ಬೇಡ.

ಅಪ್ಪ ಬರೆಯೋದು ನಿಲ್ಲಿಸಿದಾರೆ. ಆ ಒಂದು ಕಾಗದ, ಆಮೇಲೆ ಇನ್ನೊಂದು ಬಂತು, ಮುಗೀತು. ಈಗ ಬರೋದೆಲ್ಲ ಅಮ್ಮಂದು. ಕೊನೇಲಿ ಒಂದೇ ಸಾಲು, "ಅಪ್ಪ ಚೆನ್ನಾಗಿದಾರೆ, ಕೇಳ್ದೆ ಅಂತ ಹೇಳಿದ್ರು". ಪ್ರತೀ ಕಾಗದದಲ್ಲೂ ಅದೇ ಸಾಲು. ನಮ್ಮಪ್ಪ "ಕೇಳ್ದೆ ಅಂತ ಹೇಳು" ಅನ್ನೋ ಜಾತಿ ಅಲ್ಲ. ಹೇಳೋದಿದ್ರೆ ಬೈತಾರೆ, ಇಲ್ಲಾಂದ್ರೆ ಸುಮ್ನಿರ್ತಾರೆ. ಅದು ಅಮ್ಮ ಕಟ್ಟಿದ ಸಾಲು.

ಎರಡನೇ ಕಾಗದಕ್ಕೆ ನಾನು ಉತ್ತರ ಬರೆದಾಗ ಒಂದು ಮಾತು ಹಾಕಿದ್ದೆ. ಇಲ್ಲೇ ಮುಂದುವರೀತೀನಿ, ಸೈನ್ಯಕ್ಕೆ ಒಪ್ಕೊಂಡ ನಾಲ್ಕು ವರ್ಷ ಮುಗಿದ ಮೇಲೂ ಬೋಟಿನ ಕೆಲಸಕ್ಕೆ ಬರ್ತೀನಿ ಅಂತ ಹೇಳೋಕಾಗಲ್ಲ ಅಂತ. ನಿಜವನ್ನೇ ಬರೆದೆ. ಅಲ್ಲಿಗೆ ಅಪ್ಪ ಪೆನ್ನು ಕೆಳಗಿಟ್ರು ಅನ್ಸತ್ತೆ. ಹಾಗಾದ್ರೆ ಮೊದಲನೇ ಕಾಗದ ಯಾಕೆ ಬರೆದ್ರು?

ನೀನು ದಿನಾ ಅವರನ್ನ ನೋಡ್ತೀಯ. ಮುಖ ನೋಡಿ ಹೇಳು, ಸಿಟ್ಟಾ?

ಟೇಟ್


ಜುಲೈ 15

ಟೇಟ್,

ಸಿಟ್ಟೇನಿಲ್ಲ. ಸುಮ್ನೆ ಏನೇನೋ ಅಂದ್ಕೋಬೇಡ.

ಮಿಸ್ಟರ್ ರಾಯ್ಸ್‌ಗೆ ಪುರುಸೊತ್ತಿಲ್ಲ ಅಷ್ಟೇ. ಈ ಸಲ ಕೆರೆಗೆ ಹೊಸ ಬೋಟು ತುಂಬ ಬಂದಿದೆ, ಎಲ್ಲರಿಗೂ ಹಿಂದೆ ಹೆಸರು ಬರೆಸ್ಬೇಕು. ಬೆಳಗ್ಗೆ ಶೆಡ್ಡಿಗೆ ಹೋದ್ರೆ ಊಟಕ್ಕೇ ಆಚೆ ಬರೋದು. ಒಬ್ಬರದು ಮುಗಿದ್ರೆ ಇನ್ನೊಬ್ಬರು ಕಾಯ್ತಿರ್ತಾರೆ. ಸಂಜೆ ಹೊತ್ತಿಗೆ ಕೈ ನೋವು ಅಂತಾರೆ. ಅದಕ್ಕೇ ನಿಮ್ಮಮ್ಮನ ಹತ್ರ ಬರೆಸ್ತಾರೆ.

ನಿನ್ನ ವಿಷ್ಯ ದಿನಾ ಕೇಳ್ತಾರೆ. ನಿಜವಾಗ್ಲೂ.

ಬೋಟು ರಿಪೇರಿಯಾಗಿ ಬಂತು. ಮತ್ತೆ ಕಲೀತಿದೀನಿ. ನಿಮ್ಮಪ್ಪ ಪಕ್ಕದಲ್ಲಿ ಕೂತ್ಕೊಂಡು ಬಾಯಲ್ಲಿ ಹೇಳ್ತಾರೆ, ನಾನು ಮಾಡ್ತೀನಿ. ಒಂದು ಸಲಾನೂ ಬೈಯಲ್ಲ. ಬೈದ್ರೆ ಚೆನ್ನಾಗಿತ್ತು.

ಕೋಯ್


ಜುಲೈ 24

ಕೋಯ್,

ಗೊತ್ತಾಯ್ತು.

ಊರಲ್ಲಿರೋ ಬೋಟಿಗೆಲ್ಲ ಹೆಸರು ಬರೆಯೋಕೆ ಪುರುಸೊತ್ತಿದೆ. ಮಗನ ಹೆಸರು ಒಂದು ಕವರ್ ಮೇಲೆ ಬರೆಯೋಕಿಲ್ಲ. ನಾನು ಹೊರಟ ದಿನಾನೂ ಅದನ್ನೇ ಮಾಡ್ತಿದ್ರು, ಈಗಲೂ ಅದೇ. ನಂದೇ ತಪ್ಪು, ಒಂದು ಕಾಗದ ನೋಡಿ ಹಿಗ್ಗಿಬಿಟ್ಟೆ.

ಅಮ್ಮ ಸುತ್ತಿ ಬಳಸಿ ಬರೀತಾಳೆ. ನೀನೊಬ್ಬ ಮುಚ್ಚಿಡ್ದೆ ಹೇಳ್ದೆ. ಅದಕ್ಕೆ ಥ್ಯಾಂಕ್ಸ್ ಕಣೋ.

ಆಗಸ್ಟ್ 22ಕ್ಕೆ ಟ್ರೇನಿಂಗ್ ಮುಗಿಯತ್ತೆ. ಮನೆಯವರೆಲ್ಲ ಬಂದು ಪರೇಡ್ ನೋಡ್ತಾರೆ. ನಾನು ಅಮ್ಮಂಗೆ ಬರೆದಿದೀನಿ, ಇಬ್ಬರೂ ಬರೋದು ಬೇಡ ಅಂತ. ಅಪ್ಪಂಗೆ ಪುರುಸೊತ್ತಾಗಲ್ಲ, ಅಮ್ಮ ಒಬ್ಬಳೇ ಅಷ್ಟು ದೂರ ಗಾಡಿ ಓಡಿಸ್ಕೊಂಡು ಬರೋದೂ ಬೇಡ. ಆಮೇಲೆ ಹತ್ತು ದಿನ ರಜೆ ಕೊಡ್ತಾರೆ. ನನ್ನ ಪಕ್ಕದ ಮಂಚದವನು ಒಹಾಯೋ ಕಡೆಯವನು, ಅವನ ಮನೆಗೆ ಹೋಗ್ತೀನಿ. ಕೆರೆಗೆ ಬರಲ್ಲ. ಅಲ್ಲಿಂದ ಸೀದಾ ಮುಂದಿನ ಪೋಸ್ಟಿಂಗ್.

ನಿನ್ನನ್ನ ನೋಡೋಕಾಗಲ್ಲ ಅನ್ನೋದೊಂದೇ ಬೇಜಾರು. ಯಾವತ್ತಾದ್ರೂ ಕೆಲಸ ಬಿಟ್ಟು ತಿರುಗಾಡೋಕೆ ಹೊರಟ್ರೆ ನಾನಿರೋ ಕಡೆ ಬಾ.

ಟೇಟ್


ಜುಲೈ 29

ಟೇಟ್,

ಇದನ್ನ ಕೂತ್ಕೊಂಡು ಓದು. ಪೂರ್ತಿ ಓದು.

ನಿಮ್ಮಪ್ಪ ಯಾರ ಬೋಟಿಗೂ ಹೆಸರು ಬರೀತಿಲ್ಲ. ಅವರ ಬಲಗೈ ಹೋಗಿದೆ. ನಾನೇ ಮಾಡಿದ್ದು.

ಜೂನ್ 22, ಭಾನುವಾರ. ಅವತ್ತು ನಂಗೆ ಜಂಬ ತಲೆಗೇರಿತ್ತು. ಹಿಂದಿನ ಭಾನುವಾರ ಬಲಗಡೆ ಚೆನ್ನಾಗಿ ಕಟ್ಟಿದ್ದೆ, ತಟ್ಟೆ ಮೇಲೆ ಏಳು ಬಂದಿತ್ತು, ಒಬ್ಬರು ಎಂಟೂ ತೋರಿಸಿದ್ರು. ಅವತ್ತು ಬಲಗಡೆ ಬೇರೆ ಊರಿನವರು ಬೋಟು ಕಟ್ಕೊಂಡು ಊಟಕ್ಕೆ ಕೂತಿದ್ರು. ನಿಮ್ಮಪ್ಪ, "ಕೋಯ್, ಆಚೆನೇ ನಿಲ್ಲೋಣ, ಅವರು ಹೊರಡ್ಲಿ" ಅಂದ್ರು.

"ಎಡಗಡೆ ಹಾಕ್ತೀನಿ ಸರ್" ಅಂದೆ.

ಅವರು ತಿರುಗಿ ದಕ್ಕೆ ನೋಡಿದ್ರು. "ಹಾಕು ಹಾಗಾದ್ರೆ. ಕೊನೇಲಿ ಸ್ಟೇರಿಂಗ್ ಬಲಕ್ಕೆ ತಿರುಗಿಸಿ ಮುಂದಕ್ಕೆ ಒಂದೇ ಒಂದು ತಟ್ಟು ಕೊಡು, ಬಾಲ ಎಡಕ್ಕೆ ಬರತ್ತೆ. ರಿವರ್ಸ್ ನಂಬ್ಬೇಡ. ತೊಟ್ಟಿ ಖಾಲಿ ಮಾಡಿದ್ಯಾ?"

"ಹೂಂ ಸರ್."

ಮಾಡಿರ್ಲಿಲ್ಲ ಟೇಟ್. ಕೊನೇ ಹುಡುಗನಿಗೆ ದೊಡ್ಡ ಅಲೆ ಎಬ್ಬಿಸಿ ತೋರಿಸೋ ಆಸೇಲಿ ತುಂಬಿಸಿಟ್ಟಿದ್ದೆ. ಪಂಪು ಆಗ ತಾನೇ ಹಾಕಿದ್ದೆ. ಅರ್ಧಕ್ಕಿಂತ ಜಾಸ್ತಿ ನೀರು ಒಳಗೇ ಇತ್ತು.

ಅವರು ಹಗ್ಗ ತಗೊಂಡು ಮೂತಿಗೆ ಹೋಗಿ ನಿಂತ್ಕೊಂಡ್ರು. ಮೊದಲನೇ ಸಲ ಸರಿ ಹೋಗ್ಲಿಲ್ಲ, ಹೊರಗೆ ಬಂದು ಸುತ್ತು ಹಾಕ್ದೆ. ಡೂಲಿ ಎದ್ದು ನಿಂತು, "ಕೋಯ್, ಊಟ ಪೊಟ್ಟಣ ಕಟ್ಟಿ ಎಸೀಲೇನೋ?" ಅಂದ. ಇಡೀ ಹೋಟ್ಲು ಘೊಳ್ ಅಂತು. ಯಾರೋ ಆಗ್ಲೇ ಒಂದು ಅಂತ ಬರೆದು ತಟ್ಟೆ ಎತ್ತಿದ್ರು.

ಎರಡನೇ ಸಲ ಬಂದಾಗ ವೇಗ ಜಾಸ್ತಿ ಇತ್ತು. ನಿಮ್ಮಪ್ಪ ತಿರುಗಿ, "ಸರಿ ಬರ್ತಿಲ್ಲ, ಹೊರಗೆ ಹೋಗು" ಅಂದ್ರು. ನಂಗೆ ಕೇಳಿಸ್ತು. ಸ್ಪಷ್ಟವಾಗೇ ಕೇಳಿಸ್ತು. ಇನ್ನೊಂದು ಸುತ್ತು ಹಾಕಿದ್ರೆ ಡೂಲಿ ಏನಂತಾನೆ ಅನ್ನೋದೊಂದೇ ತಲೇಲಿತ್ತು. ಹೋಗ್ಲಿಲ್ಲ. ಜೋರಾಗಿ ರಿವರ್ಸ್ ಎಳೆದು, ಚಿಕ್ಕಪ್ಪನ ದೋಣಿಗೆ ಮಾಡೋ ಹಾಗೆ ಸ್ಟೇರಿಂಗನ್ನ ದಕ್ಕೆ ಕಡೆಗೆ ತಿರುಗಿಸ್ದೆ. ಕೈಗೆ ಗೊತ್ತಿದ್ದಿದ್ದು ಅದೊಂದೇ. ಬಾಲ ಬಲಕ್ಕೆ ಹೋಯ್ತು. ಮೂತಿ ಎಡಕ್ಕೆ, ಕಂಬಕ್ಕೆ. ಬೋಟು ಬಡಿಯತ್ತೆ ಅಂತ ಅವರು ಕೈ ಚಾಚಿದ್ರು. ಕೈ ಕಾಲು ಹೊರಗಿಡ್ಬೇಡಿ ಅಂತ ಎಷ್ಟು ಮಕ್ಕಳಿಗೆ ಹೇಳ್ಕೊಟ್ಟಿದಾರೋ, ಅವರೇ ಚಾಚಿದ್ರು. ಬರೀ ಬೋಟಾಗಿದ್ರೆ ತಡೀತಿದ್ರೇನೋ. ಅಷ್ಟು ನೀರು ತುಂಬಿರೋದು ನಿಲ್ಲತ್ತಾ?

ಅವರು ಕೂಗ್ಲಿಲ್ಲ. ಅದಕ್ಕೇ ಯಾರಿಗೂ ತಕ್ಷಣ ಗೊತ್ತಾಗ್ಲಿಲ್ಲ. ಡೂಲಿ ಸೊನ್ನೆ ಬರೆದ ತಟ್ಟೆ ಎತ್ತಿ ಹಿಡ್ಕೊಂಡು ನಗ್ತಾ ಇದ್ದ. ಆಮೇಲೆ ರಕ್ತ ನೋಡ್ದ. ತಟ್ಟೆ ಇಳಿಸೋದೂ ಮರೆತು ಹಾಗೇ ನಿಂತ.

ಕೆರೆ ಪೊಲೀಸರು ಬಂದು ಹೇಗಾಯ್ತು ಅಂದ್ರು. ನಿಮ್ಮಪ್ಪ ಟವೆಲ್ ಸುತ್ಕೊಂಡು ಕೂತಿದ್ರು, ಮುಖ ಬೂದಿ ಥರ ಆಗಿತ್ತು. "ನನ್ನದೇ ತಪ್ಪು. ಎಡಗಡೆ ಹಾಕು ಅಂತ ಕಲಿಯೋ ಹುಡುಗನಿಗೆ ಹೇಳಿದ್ದೂ ನಾನೇ, ಕೈ ಹೊರಗಿಟ್ಟಿದ್ದೂ ನಾನೇ" ಅಂದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ.

ಎರಡು ಆಪರೇಶನ್ ಆಯ್ತು. ಎರಡು ಬೆರಳು ತೆಗೆದ್ರು. ಹೆಬ್ಬೆರಳು ಮಡಚೋಕಾಗಲ್ಲ. ಬ್ರಶ್ ನಿಲ್ಲಲ್ಲ, ಪೆನ್ನೂ ನಿಲ್ಲಲ್ಲ. ಶೆಡ್ಡಲ್ಲಿ ಅರ್ಧ ಬರೆದ ಬೋಟೊಂದು ಇತ್ತು, ಅದರ ಮಾಲೀಕ ಬಂದು ಸುಮ್ನೆ ಎಳ್ಕೊಂಡು ಹೋದ.

ಆಸ್ಪತ್ರೇಲಿ ನಿಮ್ಮಪ್ಪ ನನ್ನನ್ನೂ ನಿಮ್ಮಮ್ಮನನ್ನೂ ಕರೆದು, "ಟೇಟ್‌ಗೆ ಹೇಳ್ಬೇಡಿ. ತಲೆ ಇಲ್ಲಿಟ್ಕೊಂಡು ಅಲ್ಲಿ ಬಂದೂಕು ಹಿಡಿಯೋ ಹಾಗಾಗ್ಬಾರ್ದು. ಮುಗಿಸ್ಕೊಂಡು ಬರ್ಲಿ" ಅಂದ್ರು. ನಿಮ್ಮಮ್ಮ ಅಳ್ತಿದ್ರು. ನಂಗೇನಾಯ್ತು ಗೊತ್ತಾ? ಖುಷಿ ಆಯ್ತು. ಸದ್ಯ ಹೇಳೋ ಹಾಗಿಲ್ಲ ಅಂತ. ಆ ಖುಷಿ ನೆನೆಸ್ಕೊಂಡ್ರೆ ಈಗ ಮೈಯೆಲ್ಲ ಹೇಸಿಗೆ ಆಗತ್ತೆ.

ಆಮೇಲೆ ನೀನು ಕೇಳ್ದೆ. ಸುಮ್ನಿರ್ಬೋದಿತ್ತು. ಎಲ್ಲಾ ಬಿಟ್ಟು ಬೋಟಿಗೆ ಹೆಸರು ಬರೀತಿದಾರೆ ಅಂತ ಬರೆದೆ. ಬರೆಯುವಾಗ ಒಳ್ಳೇ ಸುಳ್ಳು ಅನ್ಸಿತ್ತು. ನೀನು ಅದನ್ನ ನಂಬಿ ಊರಿಗೇ ಬರಲ್ಲ ಅನ್ನೋತನಕ ಹೋದೆ. ಮೇಲೆ ನಂಗೆ ಥ್ಯಾಂಕ್ಸ್ ಬೇರೆ ಬರೆದೆ.

ಅವರನ್ನ ಬರಬೇಡ ಅನ್ಬೇಡ ಟೇಟ್. ನಿನ್ನ ಕಾಗದ ನಿಮ್ಮಮ್ಮ ಓದಿ ಹೇಳಿದಾಗಿಂದ ನಿಮ್ಮಪ್ಪ ಊಟದ ಹೊತ್ತಿಗೂ ಮಾತಾಡ್ತಿಲ್ಲ. ಸಿಟ್ಟು ಮಾಡ್ಬೇಕಾದ್ದು ನನ್ನ ಮೇಲೆ.

ಕೋಯ್


ಆಗಸ್ಟ್ 8

ಟೇಟ್,

ನಿನ್ನಿಂದ ಏನೂ ಬಂದಿಲ್ಲ. ಬರ್ಬೇಕು ಅಂತ ಕೇಳೋಕೂ ಮುಖ ಇಲ್ಲ. ಆದ್ರೂ ಇದನ್ನ ಹೇಳ್ಬೇಕು.

ನಿಂಗೆ ಬರೆದೆ ಅಂತ ನಿಮ್ಮಪ್ಪನಿಗೆ ಹೇಳ್ದೆ. ಶೆಡ್ಡಿಗೇ ಹೋಗಿ ಹೇಳ್ದೆ. ಕುರ್ಚಿ ಮೇಲೆ ಕೂತು ಎಡಗೈಲಿ ಪ್ಲೈವುಡ್ ತುಂಡಿನ ಮೇಲೆ ಏನೋ ಗೀಚ್ತಿದ್ರು. ನನ್ನ ನೋಡಿ ಮಗುಚಿ ಇಟ್ರು. ಸುತ್ತಲೂ ಅಂಥವು ಎಷ್ಟೋ ಬಿದ್ದಿದ್ವು. ಎಲ್ಲದರ ಮೇಲೂ ನಿನ್ನ ಹೆಸರು ಕಣೋ, ಒಂದನೇ ಕ್ಲಾಸಿನ ಮಗು ಬರೆದ ಹಾಗೆ, ಒಂದಕ್ಷರ ಮೇಲೆ ಒಂದಕ್ಷರ ಕೆಳಗೆ.

"ಇದನ್ನೇ ಕಳಿಸ್ಬೋದಿತ್ತಲ್ಲ ಸರ್" ಅಂದೆ.

"ಇದನ್ನಾ? ಇಷ್ಟು ವರ್ಷ ಊರಿಗೆಲ್ಲ ಬರೆದುಕೊಟ್ಟು, ನನ್ನ ಮಗನಿಗೆ ಇದನ್ನಾ?"

ಅವರಿಗೂ ನಾಚಿಕೆ ಇತ್ತು ಅಂತ ನಂಗೆ ಅಲ್ಲೀತನಕ ಹೊಳೆದೇ ಇರ್ಲಿಲ್ಲ. ನಾಚಿಕೆ ನಂದೊಂದೇ ಅಂದ್ಕೊಂಡಿದ್ದೆ.

ಬೈತಾರೆ ಅಂತ ಕಾಯ್ತಾ ನಿಂತೆ. "ಬಂದೂಕಿನ ಮಾತು ನೆಪಕ್ಕೆ ಹೇಳಿದ್ದು ಕಣಯ್ಯ" ಅಂದ್ರು. "ಅವನಿಗೆ ಚಿಕ್ಕಂದಿನಿಂದ ಇರೋನು ನೀನೊಬ್ಬ ಸ್ನೇಹಿತ. ನನ್ನ ಮೇಲೆ ಸಿಟ್ಟು ಬಂದ್ರೆ ಅಪ್ಪ ಅಂತ ಇವತ್ತಲ್ಲ ನಾಳೆ ಬಿಡ್ತಾನೆ. ನಿನ್ನ ಮೇಲೆ ಬಂದ್ರೆ ಬಿಡಲ್ಲ. ಅದಕ್ಕೇ ಆ ಸಿಟ್ಟನ್ನ ನಾನೇ ಇಟ್ಕೊಂಡಿದ್ದೆ."

ಸುಳ್ಳು ಹೇಳಿದ್ದು ನಾನು, ಅದರ ಏಟು ಅವರಿಗೆ. ಇಷ್ಟು ದಿನ ಬಾಯಿ ಮುಚ್ಕೊಂಡು ತಗೋತಿದ್ರು. ನಾನು ಅವರ ಪಕ್ಕದಲ್ಲೇ ಕೂತು ನಿಮ್ಮಮ್ಮ ಕೊಟ್ಟ ಟೊಮೇಟೊ ತಿಂತಿದ್ದೆ.

"ಹೇಳಿದ್ದು ಒಳ್ಳೇದಾಯ್ತು ಅಂತ ನಾನು ಅನ್ನಲ್ಲ" ಅಂದ್ರು. "ನಡಿ, ಬೋಟು ಇಳಿಸು. ಎಡಗಡೆ ಕಟ್ಟೋದು ಕಲೀಬೇಕು ನೀನು."

ಅವತ್ತು ಸುಮ್ನೆ ಅದನ್ನೇ ಮಾಡಿದ್ವಿ. ಹೋಗೋದು, ಬರೋದು, ಸರಿ ಬರ್ಲಿಲ್ಲ ಅಂದ್ರೆ ಆಚೆ ಹೋಗೋದು. ಯಾರಾದ್ರೂ ನೋಡ್ತಿದಾರಾ ಅಂತ ನನ್ನ ಕಣ್ಣು ಅವಾಗ್ಲೂ ಹೋಟ್ಲು ಕಡೆ ಹೋಗ್ತಿತ್ತು. ಅದೂ ಅವರಿಗೆ ಕಾಣಿಸ್ತು. "ಕಂಬ ನೋಡು ಕೋಯ್" ಅಂದ್ರು ಅಷ್ಟೇ.

ಕೋಯ್


ಆಗಸ್ಟ್ 13

ಕೋಯ್,

ನಿನ್ನ ದೊಡ್ಡ ಕಾಗದ ಬಂದ ದಿನ ಕೈ ಅಂತ ಬರೆದಿರೋ ಜಾಗದವರೆಗೆ ಓದಿ ಮಡಚಿಟ್ಟೆ. ಮಿಕ್ಕಿದ್ದು ಓದೋಕೆ ನಾಲ್ಕೈದು ದಿನ ಬೇಕಾಯ್ತು.

ಅಪ್ಪನ ಕಾಗದ ಬಂದಿದೆ. ಕವರ್ ಮೇಲಿನ ಹೆಸರು ಇನ್‌ಸ್ಟ್ರಕ್ಟರ್‌ಗೆ ಓದೋಕೇ ಆಗ್ಲಿಲ್ಲ. "ಯಾರದೋ ಇದು, ಕೋಳಿ ಕೆರೆದಂಗಿದೆ" ಅಂತ ಎಲ್ಲರ ಮುಂದೆ ಆಡಿಸ್ದ. ನಾನು ಸಾಲಿಂದ ಆಚೆ ಬಂದು, "ಈ ರಿಕ್ರೂಟಿನ ಅಪ್ಪಂದು ಸರ್" ಅಂತ ಕಿರುಚ್ದೆ. ಅವನು ಏನಂದ್ಕೊಂಡನೋ, ಸುಮ್ನೆ ಕೈಗಿಟ್ಟ. ದಂಡ ಹೊಡೆಸ್ಲಿಲ್ಲ.

ಒಳಗೆ ಎರಡೇ ಪದ. "ಬರ್ತಿದೀನಿ. ಅಪ್ಪ."

ಅಪ್ಪ ಅಮ್ಮ ಇಬ್ಬರಿಗೂ ಬನ್ನಿ ಅಂತ ಬರೆದಿದೀನಿ. ರಜೆಗೆ ಊರಿಗೇ ಬರ್ತೀನಿ.

ನೀನು ಪರೇಡಿಗೆ ಬರಬೇಡ. ಅಪ್ಪನ ಕೈ ಮೊದಲನೇ ಸಲ ನೋಡುವಾಗ ನೀನು ಪಕ್ಕದಲ್ಲಿರೋದು ನಂಗೆ ಬೇಡ. ತೊಟ್ಟಿ ಖಾಲಿ ಮಾಡಿದೀನಿ ಅಂತ ಅವರಿಗೆ ಸುಳ್ಳು ಹೇಳಿದ್ದು, ನಂಗೆ ಸುಳ್ಳು ಬರೆದಿದ್ದು, ಎರಡಕ್ಕೂ ನಿಂಗೆ ಸರಿಯಾಗಿ ಬೈಯೋದಿದೆ. ಕಾಗದದಲ್ಲಿ ಆಗಲ್ಲ.

ಟೇಟ್


ಆಗಸ್ಟ್ 20

ಟೇಟ್,

ಇದನ್ನ ನಿಮ್ಮಮ್ಮನ ಕೈಗೆ ಕೊಟ್ಟು ಕಳಿಸ್ತಿದೀನಿ. ಇನ್ನೇನು ಹೊರಡ್ತಾರೆ.

ನಿನ್ನೆ ಸಾಯಂಕಾಲ ಗಾಡಿಗೆ ಚೀಲ ಇಡೋಕೆ ಹೋಗಿದ್ದೆ. ನಿಮ್ಮಪ್ಪ ಟೈ ಕಟ್ಟಿಸ್ಕೋತಾ ಕನ್ನಡಿ ಮುಂದೆ ನಿಂತಿದ್ರು. ಕಟ್ಟೋಕೆ ಬರದೇ ನಿಮ್ಮಮ್ಮ ನಗ್ತಿದ್ರು. ತುಂಬ ದಿನ ಆಗಿತ್ತು ಅವರು ನಕ್ಕು. ಬಲಗೈ ಕೋಟಿನ ಜೇಬಲ್ಲಿಟ್ರೆ ಕಾಣಲ್ಲ ಅಲ್ವಾ ಅಂತ ನಿಮ್ಮಪ್ಪ ಕೇಳಿದ್ರು. ನಿಮ್ಮಮ್ಮ ಜೇಬಿಂದ ಕೈ ಆಚೆ ಎಳೆದು, "ಆಚೆಗೇ ಇರ್ಲಿ" ಅಂದ್ರು.

"ನೀನು ಬರಲ್ವಾ?" ಅಂತ ನನ್ನ ಕೇಳಿದ್ರು ನಿಮ್ಮಪ್ಪ.

"ಬರಬೇಡ ಅಂದಿದಾನೆ ಸರ್."

"ಸರಿಯಾಗೇ ಅಂದಿದಾನೆ" ಅಂದ್ರು.

ಮುಚ್ಚಿಡೋದೇನು, ಊರು ಬಿಟ್ಟು ಹೋಗೋಣ ಅನ್ಸಿತ್ತು. ಪೆನ್ಸಕೋಲಾದಲ್ಲಿ ಹಡಗಿಗೆ ಬಣ್ಣ ಹೊಡೆಯೋ ಕೆಲಸ ಇದೆ ಅಂತ ಗೊತ್ತಿರೋನೊಬ್ಬ ಕರೆದಿದ್ದ. ನೀವೆಲ್ಲ ವಾಪಸ್ ಬರೋ ಹೊತ್ತಿಗೆ ನಾನು ಸಮುದ್ರದ ದಡದಲ್ಲಿರ್ಬೋದಿತ್ತು. ನಂಗೆ ಹೊರಡೋದು ಚೆನ್ನಾಗಿ ಬರತ್ತೆ, ಅದನ್ನ ಯಾರೂ ಕಲಿಸ್ಬೇಕಾಗಿಲ್ಲ. ಆದ್ರೆ ಬರಲ್ಲ ಅಂತ ಅವನಿಗೆ ಹೇಳಿಬಿಟ್ಟೆ. ಈ ವಾರ ಮಕ್ಕಳ ಕ್ಲಾಸಿದೆ, ಬೋಟು ನನ್ನ ಮೇಲೆ ಬಿಟ್ಟು ಹೋಗ್ತಿದಾರೆ.

ಒಂದು ಕೇಳ್ಕೋತೀನಿ. ಬಂದ ಮೇಲೆ ನನ್ನ ಶೆಡ್ಡಿನ ಹಿಂದೆ ಕರ್ಕೊಂಡು ಹೋಗಿ ಬೈಬೇಡ. ಇಲ್ಲಿ ಎಲ್ಲರೂ ಇವತ್ತಿಗೂ ತಪ್ಪು ನಿಮ್ಮಪ್ಪಂದೇ ಅಂದ್ಕೊಂಡಿದಾರೆ. ಕಲಿಯೋ ಹುಡುಗನ ಕೈಗೆ ಬೋಟು ಕೊಟ್ಟು ಕೈ ಕಳ್ಕೊಂಡ್ರು ಅಂತ ಡೂಲಿನೇ ಬಂದೋರಿಗೆಲ್ಲ ಹೇಳ್ತಾನೆ. ಅವರು ಹೊರಗೆ ಹೋಗು ಅಂದಿದ್ದು, ನಂಗೆ ಕೇಳಿಸಿದ್ದು, ಆದ್ರೂ ನಾನು ಹೋಗದೇ ಇದ್ದಿದ್ದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹೇಳ್ಬೇಕು ಅಂತ ಎರಡು ಸಲ ಹೋಟ್ಲಿಗೆ ಹೋದೆ. ಬಾಗಿಲವರೆಗೆ ಹೋಗಿ ಉಪ್ಪು ಹಾಕಿ ಬೇಯಿಸಿದ ಕಡಲೇಕಾಯಿ ತಗೊಂಡು ವಾಪಸ್ ಬಂದೆ.

ಎಲ್ಲರ ಮುಂದೆ ನೀನು ಬೈಯೋಕೆ ಶುರು ಮಾಡು, ಮಿಕ್ಕಿದ್ದು ನಾನೇ ಹೇಳ್ತೀನಿ. ಭಾನುವಾರ ಚರ್ಚ್ ಬಿಟ್ಟ ಮೇಲೆ ಅಲ್ಲಿಗೇ ಬಾ. ಆ ಹೊತ್ತಿಗೆ ಹೋಟ್ಲಲ್ಲಿ ಜನ ತುಂಬಿರ್ತಾರೆ.

ಕೋಯ್